ಕರುಣೆ ತೋರ್ಸಿದ್ರೆ ಸಲುಗೆ ಆಗುತ್ತಾ? ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ನಮಸ್ಕಾರ. ಹೆಸರು ಹಾಕ್ಬೇಡಿ ಅಂದಿದ್ರಿ, ಹಾಕಿಲ್ಲ. ಬೇರೆ ಓದುಗರಿಗೂ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ಸಾರ ಮಾತ್ರ ಹೇಳ್ತೀನಿ: ಮೈದುನ ಡಿ-ಅಡಿಕ್ಷನ್ ಸೆಂಟರಿಂದ ಬಂದು ಐದು ತಿಂಗಳು ಚೆನ್ನಾಗೇ ಇದ್ರು, ಆಮೇಲೆ ಒಂದಿನ ಕುಡಿದ್ರು, ಈಗ ಮನೆಯವರು ಫ್ರೆಂಡ್ಸು ಎಲ್ಲಾ ಸೇರಿ "ಪಾಪ ಪಾಪ ಅಂತ ತಲೆ ಮೇಲೆ ಕೂರಿಸ್ಕೊಂಡಿದ್ದಕ್ಕೇ ಹೀಗಾಯ್ತು, ಇನ್ನು ಸಾಕು" ಅಂತಿದಾರೆ, ನೀವೊಬ್ರೇ ಅವರ ಪರ. ಕರುಣೆ ಎಲ್ಲಿವರೆಗೆ ಅಂತ ಕೇಳಿದೀರ.

ನಿಮ್ಮ ಪತ್ರದಲ್ಲೇ ಒಂದು ಸಾಲಿದೆ, ನೀವು ಬರೆದು ಹಾಗೇ ಮುಂದೆ ಹೋಗ್ಬಿಟ್ಟಿದೀರ. ಅವರು ಕುಡಿದಿದ್ದು ಮನೆಗೆ ಗೊತ್ತಾಗಿದ್ದು ಎರಡು ವಾರ ಆದ್ಮೇಲೆ, ಅದೂ ಮೂರನೆಯವರ ಬಾಯಿಂದ. ನನಗೆ ಆ ಒಂದಿನದ ಕುಡಿತಕ್ಕಿಂತ ಆ ಎರಡು ವಾರದ್ದೇ ಜಾಸ್ತಿ ಯೋಚನೆ. ಮನೆ ತುಂಬಾ ಜನ ಇದ್ದೂ "ನಾನು ಜಾರ್ಬಿಟ್ಟೆ" ಅಂತ ಹೇಳ್ಕೊಳೋಕೆ ಒಬ್ರೂ ಸಿಗ್ಲಿಲ್ವಲ್ಲ!

ರಿಲ್ಯಾಪ್ಸ್, ಅಂದ್ರೆ ಬಿಟ್ಟೋರು ಮತ್ತೆ ಚಟಕ್ಕೆ ಜಾರೋದು, ಅಪರೂಪ ಏನಲ್ಲ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಡ್ರಗ್ ಅಬ್ಯೂಸ್ ಹೇಳೋ ಪ್ರಕಾರ ಚಟದಿಂದ ಹೊರಬರ್ತಿರೋರಲ್ಲಿ ಶೇ 40ರಿಂದ 60ರಷ್ಟು ಜನ ಮತ್ತೆ ಜಾರ್ತಾರೆ, ಬಿಪಿ, ಅಸ್ತಮಾ ಇರೋರು ಔಷಧಿ ತಪ್ಪಿಸಿ ಮತ್ತೆ ಕಾಯಿಲೆ ಬೀಳೋದೂ ಹೆಚ್ಚುಕಮ್ಮಿ ಅಷ್ಟೇ ಅಥವಾ ಇನ್ನೂ ಜಾಸ್ತಿ. ಜಾರೋದಕ್ಕಿಂತ ಮುಚ್ಚಿಡೋದು ಅಪಾಯ. ಹೆರಾಯಿನ್ ಥರದ್ದಾದ್ರೆ ಇದು ಜೀವದ ಪ್ರಶ್ನೆ: ಕೆಲವು ವಾರ ಬಿಟ್ಟಿದ್ರೂ ದೇಹಕ್ಕೆ ಹಳೇ ಡೋಸ್ ತಡ್ಕೊಳೋ ಶಕ್ತಿ ಹೋಗಿರುತ್ತೆ, ಅವನು ಹಳೇ ಲೆಕ್ಕದಲ್ಲೇ ತಗೋತಾನೆ, ಒಬ್ನೇ ಇರೋದ್ರಿಂದ ಉಸಿರು ನಿಂತ್ರೂ ನೋಡೋರಿಲ್ಲ. ಕುಡಿತದಲ್ಲಿ ಇನ್ನೊಂದು ಥರ. ಮತ್ತೆ ದಿನಾ ಕುಡಿಯೋಕೆ ಶುರುವಾಗಿ, ಗೊತ್ತಾದ್ಮೇಲೆ ಮನೆಯವರು ಸಿಟ್ಟಲ್ಲಿ ರೂಮಿಗೆ ಹಾಕಿ ಒಂದೇ ಸಲ ನಿಲ್ಲಿಸ್ತಾರೆ ಅನ್ಕೊಳಿ, ಎರಡು ಮೂರು ದಿನದಲ್ಲಿ ಫಿಟ್ಸ್ ಬರ್ಬಹುದು, ಇಲ್ಲದ್ದು ಕಣ್ಣಿಗೆ ಕಾಣ್ಬಹುದು, ಪ್ರಾಣಾನೂ ಹೋಗ್ಬಹುದು. ಅದು ಆಸ್ಪತ್ರೆಯಲ್ಲಿ ಮಾಡೋ ಕೆಲಸ.

ಹಾಗಾಗಿ ಸುತ್ತಲಿನವರ ಕರುಣೆಗೆ ನಾನು ಇಡೋ ಅಳತೆ ಇಷ್ಟೇ, ಜಾರಿದ ಮನುಷ್ಯ ಎಷ್ಟು ಬೇಗ ಬಾಯಿಬಿಟ್ಟು ಹೇಳ್ಬಲ್ಲ? ಅದೇ ದಿನ ಹೇಳಿದ್ರೆ ಅದು ಒಂದು ದಿನದ ಜಾರುವಿಕೆ, ಹೇಳೋಕಾಗ್ದೇ ಇದ್ರೆ ನಾಚಿಕೆ ಮರೆಯೋಕೇ ಮತ್ತೆ ಕುಡೀತಾನೆ.

ಕುಡಿತ ಬಿಡೋಕೆ ಕುಡುಕರೇ ಒಬ್ರಿಗೊಬ್ರು ನೆರವಾಗೋ ಗುಂಪು, ಆಲ್ಕೊಹಾಲಿಕ್ಸ್ ಅನಾನಿಮಸ್, ಹುಟ್ಟಿದ್ದೂ ಹೀಗೆ ಬಾಯಿಬಿಟ್ಟು ಹೇಳ್ಕೊಳೋದ್ರಿಂದಲೇ. 1935ರಲ್ಲಿ ಬಿಲ್ ವಿಲ್ಸನ್ ಅನ್ನೋರು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ವ್ಯವಹಾರಕ್ಕೆ ಅಂತ ಓಹಾಯೋದ ಆಕ್ರನ್‌ಗೆ ಹೋಗಿ ಕೈಸುಟ್ಕೊಂಡು ಹೋಟೆಲಲ್ಲಿ ನಿಂತಿದಾರೆ, ಪಕ್ಕದಲ್ಲೇ ಬಾರ್. ಆವಾಗ ಅವರು ಫೋನ್ ಮಾಡಿದ್ದು ಇನ್ನೊಬ್ಬ ಕುಡುಕನ್ನ ಹುಡುಕೋಕೆ, ಮಾತಾಡೋಕೆ! ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್, ಅಲ್ಲಿಂದ ಶುರು. ಮೀಟಿಂಗಿಗೆ ಬರೋಕೆ ಬೇಕಾದ್ದು ಬಿಡ್ಬೇಕು ಅನ್ನೋ ಆಸೆ ಒಂದೇ, ನೆನ್ನೆ ಕುಡಿದೋನೂ ಬರ್ಬಹುದು. ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲಿನ 27 ಅಧ್ಯಯನಗಳನ್ನ ನೋಡಿ, ಪೂರ್ತಿ ಬಿಟ್ಟೇ ಇರೋ ವಿಷಯದಲ್ಲಿ ಈ ದಾರಿ ಬೇರೆ ಥೆರಪಿಗಳಿಗಿಂತ ಕಮ್ಮಿ ಇಲ್ಲ, ಎಷ್ಟೋ ಕಡೆ ಮೇಲು ಅಂದಿದೆ. ಎಲ್ಲರಿಗೂ ಒಗ್ಗುತ್ತೆ ಅಂತಲ್ಲ. ಅದರ ದೇವರ ಮಾತು ಕೆಲವರಿಗೆ ಹಿಡಿಸಲ್ಲ, ಅಂಥೋರಿಗೆ ಬೇರೆ ಗುಂಪು, ಕೌನ್ಸೆಲಿಂಗ್, ಮಾತ್ರೆ ಇವೆ.

ಹಾಗಂತ ದುಡ್ಡು ಕೊಡ್ಬೇಡಿ. ಆಫೀಸಿಗೆ ಫೋನ್ ಮಾಡಿ ಜ್ವರ ಅಂತ ಸುಳ್ಳು ಹೇಳೋದೂ ಬೇಡ. "ಕುಡಿದಿದ್ರೆ ಆ ದಿನ ಮಕ್ಕಳನ್ನ ನಿನ್ನ ಜೊತೆ ಬಿಡಲ್ಲ, ಆದ್ರೆ ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಅಂತ ಒಂದೇ ಉಸಿರಲ್ಲಿ ಹೇಳ್ಬಹುದು, ಅದು ಸಲುಗೆ ಹೇಗಾಗುತ್ತೆ? ಬಾಗಿಲಲ್ಲಿ ನಿಂತು ಬಾಯಿ ವಾಸನೆ ನೋಡೋದು, ಜೇಬು ತಡಕೋದು ಮಾತ್ರ ನಿಲ್ಲಿಸಿ. ಅದರಿಂದ ಕುಡಿತ ನಿಲ್ಲಲ್ಲ, ಮುಚ್ಚಿಡೋ ಚಾಲಾಕಿತನ ಬೆಳಿಯುತ್ತೆ ಅಷ್ಟೇ.

ಫ್ರೆಂಡ್ಸಿಗೆ ಒಂದು ಮಾತು. ಸಂಜೆ ಹೊತ್ತು ಖಾಲಿ ಇರೋದೇ ಇವರಿಗೆ ದೊಡ್ಡ ಕಷ್ಟ, ಮೊದಲಿದ್ದ ಗೆಳೆಯರೆಲ್ಲಾ ಗ್ಲಾಸಿನ ಗೆಳೆಯರು, ಅದನ್ನ ಬಿಟ್ರೆ ಇವರನ್ನ ಕರೆಯೋರೇ ಇರಲ್ಲ. ಉಪದೇಶ ಬೇಡ, ವಾಕಿಂಗಿಗೆ ಕರೀರಿ, ಆಟಕ್ಕೆ ಕರೀರಿ, ನಿಜವಾಗ್ಲೂ ಕೈ ಬೇಕಾಗಿರೋ ಒಂದು ಕೆಲಸ ಕೊಡಿ. "ಪಾಪ, ಬಿಟ್ಬಿಟ್ಟಿದಾನೆ" ಅಂತ ನಾಲ್ಕು ಜನರ ಮುಂದೆ ಹೊಗಳೋದೂ ಬೇಡ, ಹೊಗಳಿಸ್ಕೊಂಡೋನಿಗೆ ಜಾರಿದ್ದನ್ನ ಹೇಳೋದು ಇನ್ನೂ ಕಷ್ಟ.

ನಿಮಗೂ ಯಾರಾದ್ರೂ ಬೇಕು. ಕುಡಿಯೋರ ಮನೆಯವರಿಗೆ ಅಂತಲೇ ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ 1951ರಲ್ಲಿ ಅಲ್-ಅನಾನ್ ಅನ್ನೋ ಗುಂಪು ಕಟ್ಟಿದ್ರು. ಹತ್ತಿರದಲ್ಲಿದ್ರೆ ಹೋಗಿ, ಮೈದುನ ಬಂದ್ರೂ ಸರಿ ಬರದಿದ್ರೂ ಸರಿ.

ಕೊನೇಲಿ ನೀವು ಸಣ್ಣಕ್ಷರದಲ್ಲಿ ಕೇಳಿದ್ದು, ಗೊತ್ತಾಗದ ಹಾಗೆ ಊಟದಲ್ಲಿ ಮಾತ್ರೆ ಬೆರೆಸ್ಬಹುದಾ ಅಂತ. ದಯವಿಟ್ಟು ಬೇಡ. ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್ ಮಾತ್ರೆ ಹೊಟ್ಟೇಲಿದ್ದಾಗ ಕುಡಿದ್ರೆ ವಾಂತಿ, ಎದೆಬಡಿತ, ಬಿಪಿ ಕುಸಿತ, ಜೋರಾದ್ರೆ ಜೀವಕ್ಕೇ ಕುತ್ತು, ಮಾತ್ರೆ ನಿಲ್ಲಿಸಿ ಎರಡು ವಾರದವರೆಗೂ ಈ ಅಪಾಯ ಇರುತ್ತೆ. ಅವರಿಗೆ ಗೊತ್ತಿದ್ದು, ಒಪ್ಪಿ, ಡಾಕ್ಟರ್ ಬರೆದುಕೊಟ್ರೆ ಮಾತ್ರ. ಈಗಾಗ್ಲೇ ಬೆರೆಸಿದ್ರೆ ಇವತ್ತೇ ಅವರಿಗೂ ಡಾಕ್ಟರಿಗೂ ಹೇಳ್ಬಿಡಿ.