ಅಮ್ಮನೂ ನಗಲಿಲ್ಲ

ಪತ್ರದ ಸಾರ: ನಾನು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹಾಸ್ಯ ಲೇಖಕ ಬೀಚಿಯವರ ಬಗ್ಗೆ ಒಂದು ಪ್ರಬಂಧ ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ಒಬ್ಬ ವಿದ್ಯಾರ್ಥಿನಿ ನಾಲ್ಕು ಪುಟ ಬರೆದು ತಂದಳು. ತಪ್ಪುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ ಕೊಟ್ಟೆ. ಕೊನೆಯಲ್ಲಿ ಅವಳು, 'ಹೆಂಡತಿಯ ಮೇಲಿನ ಜೋಕುಗಳು ನನಗೆ ನಗು ತರಿಸಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಅವರೂ ನಗಲಿಲ್ಲ' ಎಂದು ಬರೆದಿದ್ದಳು. ಅದನ್ನು ಹೊಡೆದುಹಾಕಿ 'ಅಪ್ರಸ್ತುತ' ಎಂದು ಬರೆದೆ. ಅವತ್ತಿನಿಂದ ಅವಳು ಏನನ್ನೂ ಬರೆದು ತಂದಿಲ್ಲ. ನಾನು ಮಾಡಿದ್ದು ತಪ್ಪೇ? ಪ್ರಬಂಧದ ಜೆರಾಕ್ಸ್ ಜೊತೆಗಿದೆ.

ಸಂಪಾದಕರ ಉತ್ತರ: ಮೇಷ್ಟ್ರೇ, ಮೊದಲಿಗೆ ನಿಮಗೆ ನಮಸ್ಕಾರ. ಒಬ್ಬ ಹುಡುಗಿ ಬರೆಯುವುದು ನಿಲ್ಲಿಸಿದ್ದು ನಿಮ್ಮ ಗಮನಕ್ಕೆ ಬಂತು. ಅದು ನಿಮ್ಮನ್ನು ಕಾಡಿತು. ಇಷ್ಟು ಕಾಳಜಿ ಇರುವವರು ನನಗೆ ಜಾಸ್ತಿ ಸಿಗುವುದಿಲ್ಲ. ಆದರೂ ಹೇಳಿಬಿಡುತ್ತೇನೆ, ನೀವು ಮಾಡಿದ್ದು ತಪ್ಪು. ಆ ನಾಲ್ಕು ಪುಟಗಳಲ್ಲಿ ಅವಳದೇ ಅನ್ನುವ ಮಾತು ಇದ್ದದ್ದು ಅದೊಂದೇ. ನೀವು ಹೊಡೆದುಹಾಕಿದ್ದು ಅದನ್ನೇ.

ಪ್ರಬಂಧವನ್ನು ಎರಡು ಸಲ ಓದಿದೆ. ಮೂರೂವರೆ ಪುಟ ಗೈಡಿನದು. ನಿಜ ಹೆಸರು ರಾಯಸಂ ಭೀಮಸೇನರಾವ್, ಹುಟ್ಟಿದ್ದು 1913ರಲ್ಲಿ ಹರಪನಹಳ್ಳಿಯಲ್ಲಿ, ಕೆಲಸ ಪೊಲೀಸ್ ಇಲಾಖೆಯಲ್ಲಿ, ತೀರಿಕೊಂಡದ್ದು 1980ರಲ್ಲಿ. ಅವಳು 'ದಾವಣಗೆರೆ ಜಿಲ್ಲೆಯ ಹರಪನಹಳ್ಳಿ' ಎಂದು ಬರೆದಿದ್ದಾಳೆ. ನೀವು ಅದನ್ನು ಹೊಡೆದು 'ಬಳ್ಳಾರಿ' ಮಾಡಿದ್ದೀರಿ. ಬೀಚಿ ಹುಟ್ಟಿದಾಗ ಆ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಗ ಆ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ತಿದ್ದಬಾರದು ಅಂತಲ್ಲ. ಕಾಗುಣಿತ, ಇಸವಿ, ಊರಿನ ಹೆಸರು ಸರಿ ಇರಲೇಬೇಕು. ನಾನೂ ದಿನವಿಡೀ ಅದೇ ಕೆಲಸ ಮಾಡುವವನು. ಆದರೆ ಅದು ಹತ್ತು ನಿಮಿಷದ ಕೆಲಸ. ಅದು ಮುಗಿದ ಮೇಲೆ ಶುರುವಾಗಬೇಕಾದ ಕೆಲಸ ನಿಮ್ಮ ಕೆಂಪು ಪೆನ್ನಿನಿಂದ ಶುರುವಾಗಲೇ ಇಲ್ಲ.

ನನ್ನ ಒಂದು ಹಳೇ ನೋವು ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ನಾನೂ ಬೀಚಿಯವರ ಮೇಲೆ ಬರೆದಿದ್ದೆ. ಅವರ ಆತ್ಮಕಥೆಯ ಹೆಸರು 'ನನ್ನ ಭಯಾಗ್ರಫಿ'. ತನ್ನ ಬದುಕನ್ನು ತಾನೇ ನೋಡಿಕೊಳ್ಳುವ ಭಯ ಆ ಒಂದು ಮಹಾಪ್ರಾಣದಲ್ಲಿದೆ. ನನ್ನ ಉತ್ತರಪತ್ರಿಕೆ ನೋಡಿದವರು 'ಭ'ವನ್ನು ಹೊಡೆದು 'ಬ' ಮಾಡಿ, ಅರ್ಧ ಅಂಕ ಕಳೆದರು. ಅರ್ಧ ಅಂಕಕ್ಕೆ ನಾನು ಅಳಲಿಲ್ಲ. ಆ ಹೆಸರನ್ನು ಮೊದಲ ಸಲ ಕಂಡಾಗ ಲೈಬ್ರರಿಯಲ್ಲಿ ಒಬ್ಬನೇ ನಕ್ಕಿದ್ದೆ. ಆ ನಗು ಯಾರಿಗೂ ಬೇಕಿಲ್ಲ ಅಂತ ಅವತ್ತು ಗೊತ್ತಾಯಿತು. ತನ್ನ ಹೆಸರನ್ನೇ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ ಲೇಖಕರು ಅವರು. ಇಂಥವರನ್ನು ಓದುವಾಗ ತಪ್ಪು ಯಾವುದು, ಬೇಕಂತಲೇ ಮಾಡಿದ್ದು ಯಾವುದು ಎಂದು ನಿಂತು ನೋಡಬೇಕು. ವಿದ್ಯಾರ್ಥಿಯನ್ನು ಓದುವಾಗಲೂ ಅಷ್ಟೇ.

ವಿಡಂಬನೆ ಓದುವವರಿಗೆ ಮೊದಲು ಆಗುವುದು ಮುಜುಗರ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಯಲ್ಲಿ ಹೊಸ ಬರಹಗಾರರಿಗೆ ಭಾನುವಾರದ ತರಗತಿ ನಡೆಸುತ್ತಿದ್ದೆವು. ಒಮ್ಮೆ ಜೊನಾಥನ್ ಸ್ವಿಫ್ಟ್ 1729ರಲ್ಲಿ ಬರೆದ 'ಎ ಮಾಡೆಸ್ಟ್ ಪ್ರಪೋಸಲ್' ಅನ್ನು ಓದಿ ಕನ್ನಡದಲ್ಲಿ ಹೇಳಿದೆ. ಐರ್ಲೆಂಡಿನ ಬಡವರ ಮನೆಯಲ್ಲಿ ವರ್ಷಕ್ಕೆ 1,20,000 ಮಕ್ಕಳು ಹುಟ್ಟುತ್ತವೆ, 20,000 ಮಕ್ಕಳನ್ನು ಸಂತಾನಕ್ಕೆ ಇಟ್ಟುಕೊಂಡು ಉಳಿದ ಒಂದು ಲಕ್ಷವನ್ನು ವರ್ಷ ತುಂಬಿದ ಮೇಲೆ ಶ್ರೀಮಂತರ ಊಟಕ್ಕೆ ಮಾರಬಹುದು ಅಂತ ತಣ್ಣಗೆ ಲೆಕ್ಕ ಹಾಕುವ ಬರಹ. ಒಬ್ಬ ಹುಡುಗ ಎದ್ದು ನಿಂತುಬಿಟ್ಟ. 'ಇವನೆಂಥ ಮನುಷ್ಯ ಸಾರ್?' ಎಂದ. 'ನಿನಗೆ ಅರ್ಥವಾಗಿಲ್ಲ, ಕೂತ್ಕೋ' ಅನ್ನುವುದು ಸುಲಭವಿತ್ತು. ನಾನು, 'ಇವನು ಅಂದರೆ ಯಾರು?' ಎಂದು ಮಾತ್ರ ಕೇಳಿದೆ. ಅವನು ಸುಮ್ಮನೆ ಕೂತ. ಟೀ ಕುಡಿಯುವ ಹೊತ್ತಿಗೆ ತಾನೇ ಬಂದು ಹೇಳಿದ: 'ಲೆಕ್ಕ ಹಾಕೋನು ಬೇರೆ, ಬರೆದೋನು ಬೇರೆ, ಅಲ್ವಾ ಸಾರ್?' ಅವನಿಗೆ ಬಂದ ಸಿಟ್ಟು ಸರಿಯಾದ ಸಿಟ್ಟೇ. ಬಡವರ ಮಕ್ಕಳನ್ನು ಬರೀ ಅಂಕಿ ಮಾಡಿದವರ ಮೇಲೆ ಸ್ವಿಫ್ಟ್‌ಗೂ ಅದೇ ಸಿಟ್ಟು ಇತ್ತು. ಹುಡುಗ ಅದನ್ನು ಯಾರ ಮೇಲೆ ಇಡಬೇಕು ಎಂಬುದನ್ನು ಹುಡುಕಿಕೊಳ್ಳಬೇಕಿತ್ತು, ಅಷ್ಟೇ.

ನಿಮ್ಮ ವಿದ್ಯಾರ್ಥಿನಿಗೂ ಇಂಥದೊಂದು ಪ್ರಶ್ನೆ ಬೇಕಿತ್ತು. ಯಾವ ಜೋಕು ಅದು? ಅದರಲ್ಲಿ ನಗುವವರು ಯಾರು, ನಗೆಪಾಟಲಾಗುವವರು ಯಾರು? ಬೀಚಿ ಸೃಷ್ಟಿಸಿದ ಪಾತ್ರ ತಿಮ್ಮ ಹೇಳಿದ್ದೆಲ್ಲ ಬೀಚಿಯ ಮಾತೇ, ಅಥವಾ ತಿಮ್ಮನನ್ನೇ ಅವರು ಆಡಿಕೊಳ್ಳುತ್ತಿದ್ದಾರಾ? ಅಂಚಿನಲ್ಲಿ ಇವನ್ನು ಬರೆದಿದ್ದರೆ ಅವಳು ಪುಸ್ತಕ ಮತ್ತೆ ತೆರೆಯುತ್ತಿದ್ದಳು. ಮತ್ತೆ ಓದಿದ ಮೇಲೂ ನಗು ಬರದಿದ್ದರೆ ಹಾಗೆಂದೇ ಬರೆಯಲಿ. ನನಗೆ ಬೀಚಿ ಎಂದರೆ ಪ್ರಾಣ. ಮಡಿಯ ಆಡಂಬರ, ಜಾತಿಯ ಜಂಬ ಕಂಡರೆ ಅವರ ಪೆನ್ನು ಬಿಡುತ್ತಿರಲಿಲ್ಲ. ಆದರೆ ಆ ಕಾಲದ ಗಂಡಸರು ಹೆಂಡತಿಯನ್ನು ಇಟ್ಟುಕೊಂಡು ನಕ್ಕದ್ದು ಇವತ್ತಿನ ಹುಡುಗಿಗೆ ರುಚಿಸದಿದ್ದರೆ ಅದರಿಂದ ಬೀಚಿಗೇನೂ ನಷ್ಟವಿಲ್ಲ. ಡಾ. ಎಂ. ಶಿವರಾಂ ಅವರು, ಅಂದರೆ ರಾಶಿಯವರು, 1942ರಲ್ಲಿ ಶುರುಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮ ಬರೆಯುತ್ತಿದ್ದರು. ಅವರ ಬರಹ ಒಂದೆರಡನ್ನು ಅವಳ ಕೈಗೆ ಕೊಡಿ. ಅದೇ ಮನೆ, ಅದೇ ಸಂಸಾರ ಹೆಂಗಸಿನ ಕಣ್ಣಿಗೆ ಹೇಗೆ ಕಂಡಿತ್ತು ಎಂದು ನೋಡಲಿ. ಇದು ಎಂಥ ಒಳ್ಳೆಯ ಪ್ರಬಂಧವಾಗುತ್ತಿತ್ತು!

ಇದು ನಿಮ್ಮೊಬ್ಬರ ತಪ್ಪಲ್ಲ, ನನಗೆ ಗೊತ್ತು. ರಾಶಿ ರಾಶಿ ಪತ್ರಿಕೆ ತಿದ್ದಬೇಕು. ನಿಮ್ಮ ಪಕ್ಕದಲ್ಲಿ ಕೂರುವ ಅತಿಥಿ ಉಪನ್ಯಾಸಕರಿಗೆ ತಿಂಗಳುಗಟ್ಟಲೆ ಸಂಬಳವೇ ಬಂದಿರುವುದಿಲ್ಲ. ಕವಿ ಪರಿಚಯ, ಸಾರಾಂಶ, ಸಂದರ್ಭ ಸಹಿತ ವಿವರಣೆ ಎಂದು ಮೂರು ಅಚ್ಚು ಮಾಡಿಟ್ಟು, ಎಂಥ ಲೇಖಕರನ್ನೂ ಅದರಲ್ಲಿ ಒತ್ತಿ ತೆಗೆಯುವ ಪದ್ಧತಿ ನಿಮಗಿಂತ ಹಳೆಯದು. ಆದರೆ ಅದರ ಫಲ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ವಾರವಾರವೂ ಪುಸ್ತಕ ವಿಮರ್ಶೆಗಳು ಬರುತ್ತವೆ. ಲೇಖಕರ ಊರು, ಇದು ಅವರ ಎಷ್ಟನೇ ಪುಸ್ತಕ, ಬಂದ ಪ್ರಶಸ್ತಿ, ಕೊನೆಗೆ 'ಸಂಗ್ರಹಯೋಗ್ಯ ಕೃತಿ'. ಓದಿದವರಿಗೆ ಎಲ್ಲಿ ಖುಷಿಯಾಯಿತು, ಎಲ್ಲಿ ಬೇಜಾರಾಯಿತು ಎಂಬ ಒಂದು ಸಾಲೂ ಇರುವುದಿಲ್ಲ. ಅಭಿನಂದನಾ ಗ್ರಂಥಗಳ ಕಥೆ ಇನ್ನೂ ಕಷ್ಟ. ಇವರೆಲ್ಲ ಬುದ್ಧಿವಂತರೇ. ಎಂದೋ ಒಮ್ಮೆ ಇವರೂ 'ನನಗೆ ನಗು ಬರಲಿಲ್ಲ' ಎಂದು ಬರೆದಿರಬೇಕು, ಯಾರೋ ಅಂಚಿನಲ್ಲಿ 'ಅಪ್ರಸ್ತುತ' ಎಂದಿರಬೇಕು.

ಆ ಪ್ರಬಂಧವನ್ನು ಅವಳಿಂದ ಮತ್ತೆ ಕೇಳಿ ತಗೊಳ್ಳಿ ಮೇಷ್ಟ್ರೇ. ಆ ಒಂದು ಪದವನ್ನು ನಿಮ್ಮ ಕೈಯಿಂದಲೇ ಹೊಡೆದು, ಕೆಳಗೆ ಸಹಿ ಹಾಕಿ ಕೊಡಿ. ಅವಳು ಮತ್ತೆ ಬರೆದರೆ ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ. ಅಮ್ಮನಿಗೆ ಯಾವ ಜೋಕು ಓದಿ ಹೇಳಿದಳು, ಕೇಳಿದ ಮೇಲೆ ಅಮ್ಮ ಏನಂದರು ಎಂಬುದು ಮೊದಲ ಸಾಲಿನಲ್ಲೇ ಇರಲಿ.