ಫಿಲ್ಮ್ ಕ್ಯಾಮೆರಾದಲ್ಲಿ ಜೂಮ್ ಲೆನ್ಸಿನ ಚಿತ್ರ ಮಸುಕಾಗುವುದೇಕೆ?

ನಿಮ್ಮ 70-210 ಎಂಎಂ ಜೂಮ್‌ನ ಚಿತ್ರಗಳು 50 ಎಂಎಂ ಲೆನ್ಸಿನಷ್ಟು ಶಾರ್ಪ್ ಇಲ್ಲ, ಲೆನ್ಸ್ ಬದಲಾಯಿಸಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮೊದಲು ನೆಗೆಟಿವ್ ಅನ್ನು ಲೈಟ್ ಬಾಕ್ಸ್ ಮೇಲಿಟ್ಟು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ನೋಡಿ. ನೆಗೆಟಿವ್ ಚೊಕ್ಕವಾಗಿದ್ದು ಸ್ಕ್ಯಾನ್ ಮಾತ್ರ ಮಂಕಾಗಿದ್ದರೆ ಲೆನ್ಸಿನ ತಪ್ಪೇನಿಲ್ಲ. ಎನ್‌ಲಾರ್ಜರ್‌ನಲ್ಲಿ (ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ) ಪ್ರಿಂಟ್ ಮಾಡುವವರಿಗೆ ಗುರುತು ಇನ್ನೂ ಸುಲಭ: ಗ್ರೇನ್ (ಫಿಲ್ಮಿನ ಸಣ್ಣ ಕಣಗಳು) ಸಹ ಕಲಸಿಹೋಗಿದ್ದರೆ ಎನ್‌ಲಾರ್ಜರ್ ಫೋಕಸ್ ತಪ್ಪಿದೆ, ಗ್ರೇನ್ ಚುರುಕಾಗಿದ್ದು ಚಿತ್ರ ಮಸುಕಾಗಿದ್ದರೆ ಚಿತ್ರ ತೆಗೆಯುವಾಗಲೇ ಕೆಟ್ಟಿದೆ.

ಮಸುಕಿನ ರೀತಿ ನೋಡಿದರೆ ಕಾರಣ ತಿಳಿಯುತ್ತದೆ. ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ಅಲುಗಿದೆ. ಮುಖ ಮಸುಕಾಗಿ ಹಿಂದಿನ ಗೋಡೆ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲ ಫ್ರೇಮ್‌ಗಳಲ್ಲೂ ಅದೇ ಒಂದು ಮೂಲೆ ಕೆಟ್ಟಿದ್ದರೆ ಮಾತ್ರ ಲೆನ್ಸಿನೊಳಗಿನ ಗಾಜು ಜರುಗಿರುವ ಅನುಮಾನ ಪಡಬೇಕು. ಬಿದ್ದು ಏಟು ತಿಂದ ಜೂಮ್‌ಗಳಲ್ಲಿ ಇದು ಹೆಚ್ಚು.

ಕೈ ಅಲುಗುವುದೇ ಬಹುಪಾಲು ಸಂದರ್ಭಗಳಲ್ಲಿ ಕಾರಣ. ಲೆಕ್ಕ ಹಾಕಿ: ಮೋಡ ಕವಿದ ಹಗಲಿನಲ್ಲಿ ಐಎಸ್ಒ 100 ಫಿಲ್ಮಿಗೆ (ಈ ಸಂಖ್ಯೆ ಹೆಚ್ಚಿದಷ್ಟೂ ಕಡಿಮೆ ಬೆಳಕು ಸಾಕು) ಎಫ್/5.6 ಅಪರ್ಚರ್‌ನಲ್ಲಿ (ಬೆಳಕು ಒಳಬರುವ ಕಿಂಡಿ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿರಿದು) ಸಿಗುವ ಶಟರ್ ವೇಗ ಸುಮಾರು 1/125 ಸೆಕೆಂಡ್. 50 ಎಂಎಂಗೆ ಅದು ಧಾರಾಳ. 210 ಎಂಎಂನಲ್ಲಿ ಅದೇ ಅಲುಗಾಟ ನಾಲ್ಕು ಪಟ್ಟು ದೊಡ್ಡದಾಗಿ ಬೀಳುತ್ತದೆ, ಕನಿಷ್ಠ 1/250 ಬೇಕು. ಐಎಸ್ಒ 400 ಫಿಲ್ಮ್ ಹಾಕಿದರೆ ಎಫ್/8ಕ್ಕೆ ಇಳಿಸಿಯೂ 1/250 ಸಿಗುತ್ತದೆ. ಗ್ರೇನ್ ದಪ್ಪವಾದರೂ ಚಿತ್ರ ಹೆಚ್ಚು ಶಾರ್ಪ್ ಆಗುತ್ತದೆ. ಜೂಮ್‌ಗೆ ನಿಧಾನದ (ಐಎಸ್ಒ ಕಡಿಮೆಯ) ಫಿಲ್ಮ್ ಹಾಕಿ ಕೈಯಲ್ಲೇ ಹಿಡಿದು ತೆಗೆಯುವುದು ನನ್ನ ಪ್ರಕಾರ ಅತಿ ಸಾಮಾನ್ಯ ತಪ್ಪು.

ಫೋಕಸ್‌ನಲ್ಲೂ ಒಂದು ತೊಡಕಿದೆ. ಪೂರ್ತಿ ತೆರೆದರೂ ಎಫ್/5.6ರಷ್ಟೇ ಅಪರ್ಚರ್ ಇರುವ ಜೂಮ್‌ನಲ್ಲಿ, ವ್ಯೂಫೈಂಡರ್ ನಡುವಿನ ಸ್ಪ್ಲಿಟ್ ವೃತ್ತದ (ಫೋಕಸ್ ತಪ್ಪಿದರೆ ಚಿತ್ರವನ್ನು ಎರಡು ತುಂಡಾಗಿ ತೋರಿಸುವ ಭಾಗ) ಅರ್ಧ ಕಪ್ಪಾಗುತ್ತದೆ. ಆಗ ಸುತ್ತಲಿನ ಮ್ಯಾಟ್ ಭಾಗ ನೋಡಿ ಫೋಕಸ್ ಮಾಡಿ. 210ರಲ್ಲಿ ಫೋಕಸ್ ಮಾಡಿ 70ಕ್ಕೆ ಎಳೆಯುವ ಉಪಾಯ ಎಲ್ಲ ಜೂಮ್‌ಗಳಲ್ಲೂ ನಡೆಯದು, ಕೆಲವದರಲ್ಲಿ ಫೋಕಸ್ ಜಾರುತ್ತದೆ.

ಜೂಮ್‌ಗೆ ನಿಜವಾದ ಕೊರತೆಗಳೂ ಇವೆ. 50 ಎಂಎಂ ಎಫ್/1.8ರಲ್ಲಿ ಸಾಮಾನ್ಯವಾಗಿ ಆರೇಳು ಗಾಜುಗಳಿದ್ದರೆ ಇಂಥ ಜೂಮ್‌ಗಳಲ್ಲಿ ಹತ್ತಕ್ಕೂ ಹೆಚ್ಚು ಇರುವುದು ಸಾಮಾನ್ಯ. ಪ್ರತಿ ಮೇಲ್ಮೈಯಲ್ಲೂ ಒಂದಿಷ್ಟು ಬೆಳಕು ಪ್ರತಿಫಲಿಸಿ ಕಾಂಟ್ರಾಸ್ಟ್ ತಗ್ಗಿಸುತ್ತದೆ. ಕಣ್ಣಿಗೆ ಅದೂ ಮಸುಕಾಗಿಯೇ ಕಾಣುತ್ತದೆ. ಅಡ್ಡ ಬೆಳಕು ತಡೆಯಲು ಲೆನ್ಸ್ ಮುಂದೆ ಹುಡ್ ಹಾಕಿ. ಅಗ್ಗದ ಯುವಿ ಫಿಲ್ಟರ್ ತೆಗೆದಿಡಿ. ಹಳೆಯ ಲೆನ್ಸ್ ಆದರೆ ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಡಿ: ಹಾಲಿನಂಥ ಪೊರೆಯೋ ಜೇಡರ ಬಲೆಯಂಥ ಫಂಗಸ್ಸೋ ಕಂಡರೆ ಯಾವ ಉಪಾಯವೂ ಸಾಲದು, ಒಳಗೆ ಬಿಚ್ಚಿ ಒರೆಸಬೇಕು.

ಖಚಿತವಾಗಬೇಕಿದ್ದರೆ ಒಂದು ರೋಲ್ ಮೀಸಲಿಡಿ. ಇಟ್ಟಿಗೆ ಗೋಡೆಗೆ ನೇರ ಎದುರಾಗಿ ಟ್ರೈಪಾಡ್, ಕ್ಯಾಮೆರಾ ಮುಟ್ಟದೆ ಶಟರ್ ಒತ್ತಲು ಕೇಬಲ್ ರಿಲೀಸ್, ಐಎಸ್ಒ 100 ಕಪ್ಪು-ಬಿಳುಪು ಫಿಲ್ಮ್. 70, 135, 210ರಲ್ಲಿ ತಲಾ ಮೂರು ಫ್ರೇಮ್: ಪೂರ್ತಿ ತೆರೆದು, ಎಫ್/8, ಎಫ್/22. ಪ್ರತಿ ಸಲ ಹೊಸದಾಗಿ ಫೋಕಸ್ ಮಾಡಿ, ಫ್ರೇಮ್ ಸಂಖ್ಯೆ ಬರೆದಿಡಿ. ಟ್ರೈಪಾಡ್ ಮೇಲೂ 1/15ರ ಆಸುಪಾಸಿನ ವೇಗ ಬೇಡ, ಕ್ಯಾಮೆರಾದೊಳಗಿನ ಕನ್ನಡಿ ಏಳುವ ಏಟಿಗೇ ಕ್ಯಾಮೆರಾ ನಡುಗುತ್ತದೆ. ಎಫ್/22ರಲ್ಲಿ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವುದು) ಎಲ್ಲ ಲೆನ್ಸ್‌ಗಳೂ ಮೆದುವಾಗುತ್ತವೆ, ಅದನ್ನು ದೋಷವೆಂದು ಎಣಿಸಬೇಡಿ. ಎಫ್/8ರ ಫ್ರೇಮ್‌ಗಳಲ್ಲೂ ನಡುಭಾಗದ ಇಟ್ಟಿಗೆಯ ಅಂಚು ಮಸುಕಾಗಿದ್ದರೆ ಆಗ ಲೆನ್ಸ್ ಬದಲಾಯಿಸಿ.