ಪ್ರಿಂಟರ್ ಪ್ರಶ್ನೆ: ಪೌಡರ್ ಯಾವುದು, ಇಂಕ್ ಯಾವುದು?

ಪ್ರಶ್ನೆ: ಕೋರ್ಟ್ ಹತ್ತಿರ ನಮ್ಮದು ಟೈಪಿಂಗ್ ಮತ್ತು ಝೆರಾಕ್ಸ್ ಅಂಗಡಿ. ಎಚ್‌ಪಿ 1020 ಪ್ರಿಂಟರ್, 12ಎ ಕಾರ್ಟ್ರಿಜ್. ನಾಲ್ಕನೇ ಸಲ ರಿಫಿಲ್ ಮಾಡಿಸಿದ ಮೇಲೆ ಹಾಳೆಯ ಉದ್ದಕ್ಕೂ ಒಂದು ಕರಿ ಗೆರೆ ಬರತೈತಿ, ನಡುನಡುವೆ ಒಂದೇ ಥರದ ಚುಕ್ಕಿಗಳೂ ಬೀಳತಾವ. ರಿಫಿಲ್ ಮಾಡುವವರು ‘ಕಾರ್ಟ್ರಿಜ್ಜೇ ಹೊಸಾದು ತೊಗೋರಿ’ ಅಂತಾರ. ಖರೇನ?
– ಓದುಗರು, ವಿಜಯಪುರ

ಉತ್ತರ: ಅವಸರ ಬೇಡ, ಮೊದಲು ಸ್ಕೇಲ್ ತೆಗೆದುಕೊಳ್ಳಿ. ಒಂದು ಚುಕ್ಕಿಯಿಂದ ಅದೇ ಆಕಾರದ ಮುಂದಿನ ಚುಕ್ಕಿಗೆ ಎಷ್ಟು ದೂರ ಎಂದು ಅಳೆಯಿರಿ. ಸುಮಾರು 75 ಮಿ.ಮೀ. ಇದ್ದರೆ ದೋಷ ಡ್ರಮ್ಮಿನದು, ಅಂದರೆ ಪೌಡರ್ ಹಿಡಿದು ಹಾಳೆಗೆ ಅಚ್ಚು ದಾಟಿಸುವ ಉರುಳೆಯದು. 38 ಮಿ.ಮೀ. ಆಸುಪಾಸಿದ್ದರೆ ಡ್ರಮ್ಮಿಗೆ ಚಾರ್ಜ್ ಕೊಡುವ ಪಿಸಿಆರ್ ರೋಲರಿನದು. ಆ ಉರುಳೆಗಳ ಒಂದು ಸುತ್ತು ಅಷ್ಟೇ ಇರುವುದರಿಂದ ಅವುಗಳ ಮೇಲಿನ ಕಲೆ ಅಷ್ಟಷ್ಟು ದೂರಕ್ಕೇ ಮರಳಿ ಬೀಳುತ್ತದೆ. ಪಿಸಿಆರ್ ಕೊಳೆಯಾಗಿದ್ದರೆ ತುಸು ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂಡಿಸಿದರೆ ಸಾಕು. ಸ್ಪಿರಿಟ್ ಹಚ್ಚಬಾರದು.

ಉದ್ದ ಗೆರೆಯ ಕಥೆ ಬೇರೆ. ಡ್ರಮ್ಮಿನ ಮೇಲೆ ಸುತ್ತಲೂ ಗೀರು ಬಿದ್ದಿರಬೇಕು, ಇಲ್ಲವೇ ಉಳಿದ ಪೌಡರ್ ಕೆರೆದು ತೆಗೆಯುವ ವೈಪರ್ ಬ್ಲೇಡಿನ ಅಂಚು ಎಲ್ಲೋ ಒಂದು ಕಡೆ ಮುರಿದಿರಬೇಕು. ಎರಡೂ ಬಿಡಿಯಾಗಿ ಸಿಗುತ್ತವೆ. ಡ್ರಮ್ ಸಾಮಾನ್ಯವಾಗಿ ಎರಡು-ಮೂರು ರಿಫಿಲ್ಲಿಗೆ ಸವೆಯುತ್ತದೆ; ನಿಮ್ಮದು ನಾಲ್ಕನೆಯದು. ಡ್ರಮ್ ಮತ್ತು ಬ್ಲೇಡ್ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೇ ಬ್ಲೇಡ್ ಇಟ್ಟು ಹೊಸ ಡ್ರಮ್ ಹಾಕಿದರೆ ಗೀರು ಮತ್ತೆ ಬೀಳುತ್ತದೆ.

ಗೀರು ಬೀಳಲು ಕಾರಣ ಹೆಚ್ಚಿನ ಸಲ ರಿಫಿಲ್ ಮಾಡುವ ರೀತಿಯೇ. ತೂತು ಕೊರೆದು ಹೊಸ ಪೌಡರ್ ಸುರಿದು, ಟೇಪ್ ಅಂಟಿಸಿ ಕೊಟ್ಟುಬಿಡುತ್ತಾರೆ. ವೇಸ್ಟ್ ಪೌಡರ್ ಡಬ್ಬಿ ಹಾಗೆಯೇ ತುಂಬುತ್ತಾ ಹೋಗಿ, ಬ್ಲೇಡ್ ಮೇಲೆ ಒತ್ತಿ, ಕೊನೆಗೆ ಹಾಳೆಯ ಮೇಲೆ ಚೆಲ್ಲುತ್ತದೆ. ಎರಡೂ ಬದಿಯ ಪಿನ್ ತೆಗೆಸಿ, ಕಾರ್ಟ್ರಿಜ್ಜನ್ನು ಎರಡು ಭಾಗ ಮಾಡಿಸಿ, ವೇಸ್ಟ್ ಖಾಲಿ ಮಾಡಿಸಿದ ಮೇಲೆಯೇ ಸುಮಾರು 100 ಗ್ರಾಂ ಪೌಡರ್ ತುಂಬಿಸಿ. ವೇಸ್ಟ್ ಪೌಡರಿನಲ್ಲಿ ಕಾಗದದ ಧೂಳು ಸೇರಿರುತ್ತದೆ, ಅದನ್ನು ಸೋಸಿ ಮತ್ತೆ ಹಾಕಲು ಬಿಡಬೇಡಿ. ಕೆಲಸ ನಡೆಯುವಾಗ ಡ್ರಮ್ಮಿಗೆ ಕರಿ ಬಟ್ಟೆ ಸುತ್ತಿಡಲಿ, ಬಿಸಿಲು ತಾಗಿದರೆ ಅಚ್ಚು ಮಬ್ಬಾಗುತ್ತದೆ. ಇನ್ನು 12ಎ ಮೇಲೆ ಹೇಳುವ 2000 ಪುಟ ಎಂಬುದು ಹಾಳೆಯ 5% ಭಾಗ ಮಾತ್ರ ಕರಿ ಇದ್ದರೆ ಬರುವ ಲೆಕ್ಕ. ಆಧಾರ್ ಝೆರಾಕ್ಸಿಗೂ ಫೋಟೊ ಇರುವ ಅರ್ಜಿಗೂ ಅದು ಹೊಂದುವುದಿಲ್ಲ.

ಪ್ರಶ್ನೆ: 12ಎ ಪೌಡರ್ ಬಾಟಲಿ ಉಳಿದಿದೆ. ಅದನ್ನೇ ನಮ್ಮ ಬ್ರದರ್ ಎಚ್‌ಎಲ್-ಎಲ್2321ಡಿ ಪ್ರಿಂಟರಿಗೆ ಹಾಕಬಹುದೇ? ಮಳೆಗಾಲದಲ್ಲಿ ಅಕ್ಷರ ಕೈಗೆ ಹತ್ತುತ್ತದೆ, ಅದಕ್ಕೂ ಪೌಡರೇ ಕಾರಣವೇ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಹಾಕಲೇಬೇಡಿ. 12ಎ ಪೌಡರಿನಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಅದನ್ನು ಹಿಡಿಯುವುದು ಒಳಗೆ ಅಯಸ್ಕಾಂತವಿರುವ ರೋಲರ್. ಬ್ರದರ್‌ನಲ್ಲಿ ಆ ಅಯಸ್ಕಾಂತವಿಲ್ಲ, ಅದರ ಪೌಡರ್ ಧನ ಚಾರ್ಜಿನದು, ಎಚ್‌ಪಿಯದು ಋಣ. ಬೆರೆಸಿದರೆ ಹಾಳೆಯೆಲ್ಲ ಬೂದಿ ಬಣ್ಣವಾಗುತ್ತದೆ, ಪೌಡರ್ ಯಂತ್ರದೊಳಗೆ ಉದುರುತ್ತದೆ. ಕ್ಯಾನನ್ ಎಲ್‌ಬಿಪಿ2900 ಇದ್ದರೆ ಅದಕ್ಕೆ ಆಗುತ್ತಿತ್ತು. ಅದರ 303 ಕಾರ್ಟ್ರಿಜ್ 12ಎ ಕಟ್ಟಿನದೇ. ಬಾಟಲಿ ಮೇಲೆ ‘ಯೂನಿವರ್ಸಲ್’ ಎಂದು ಬರೆದಿದ್ದರೆ ನಂಬಬೇಡಿ, ಮಾಡೆಲ್ ಸಂಖ್ಯೆ ನೋಡಿ ಕೊಳ್ಳಿ. ಬ್ರದರ್‌ನಲ್ಲಿ ಟೋನರ್ (ಪೌಡರಿನ ಕಾರ್ಟ್ರಿಜ್) ಬೇರೆ, ಡ್ರಮ್ ಬೇರೆ ಎಂಬುದೂ ನೆನಪಿರಲಿ. ಟಿಎನ್-2365 ಟೋನರಿಗೆ 2600 ಪುಟ, ಡ್ರಮ್ಮಿಗೆ ಸುಮಾರು 12,000 ಪುಟದ ಲೆಕ್ಕವಿದೆ. ಟೋನರ್ ಬದಲಿಸಿದರೂ ಗೆರೆ ಹೋಗದಿದ್ದರೆ ಡ್ರಮ್ ನೋಡಿ.

ಕೈಗೆ ಹತ್ತುವುದಕ್ಕೆ ನಿಮ್ಮೂರಿನ ಮಳೆಯೂ ಕಾರಣವಿರಬಹುದು. ತಂಪು ಹಿಡಿದ ಕಾಗದ, ಪೌಡರನ್ನು ಕಾಯಿಸಿ ಅಂಟಿಸುವ ಭಾಗವಾದ ಫ್ಯೂಸರಿನ ಕಾವನ್ನೆಲ್ಲ ನೀರಾರಿಸಲು ಬಳಸಿಕೊಳ್ಳುತ್ತದೆ, ಪೌಡರ್ ಸರಿಯಾಗಿ ಕರಗಿ ಅಂಟುವುದಿಲ್ಲ. ರಾತ್ರಿ ಟ್ರೇಯಲ್ಲಿ ಕಾಗದ ಬಿಡದೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಹೊಸ ಬಂಡಲಿನ ಹಾಳೆಯಲ್ಲೂ ಅಕ್ಷರ ಹತ್ತಿದರೆ ಫ್ಯೂಸರ್ ತೋರಿಸಿ.

ಪ್ರಶ್ನೆ: ನಮ್ಮದು ಎಪ್ಸನ್ ಎಲ್3110. ಕಪ್ಪು ಇಂಕ್ ಮುಗಿದಾಗ ಹುಡುಗ ಕ್ಯಾನನ್ ಜಿಐ-790 ಕಪ್ಪು ಬಾಟಲಿ ಸುರಿದಿದ್ದಾನೆ. ಈಗ ಏನು ಮಾಡುವುದು?
– ಓದುಗರು, ನವನಗರ, ಬಾಗಲಕೋಟೆ

ಉತ್ತರ: ಪ್ರಿಂಟ್ ಕೊಡಬೇಡಿ, ಹೆಡ್ ಕ್ಲೀನಿಂಗನ್ನೂ ಮಾಡಬೇಡಿ. ಎರಡರಲ್ಲೂ ಆ ಇಂಕ್ ಕೊಳವೆಗೆ ಇಳಿಯುತ್ತದೆ. ನಿಮ್ಮ ಯಂತ್ರದ 003 ಇಂಕ್ ಡೈ, ಅಂದರೆ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಆ ಕ್ಯಾನನ್ ಕಪ್ಪು ಪಿಗ್ಮೆಂಟ್, ಅದರಲ್ಲಿ ಬಣ್ಣದ ಕಣಗಳು ತೇಲುತ್ತಿರುತ್ತವೆ. ಸಾಲದ್ದಕ್ಕೆ ಕ್ಯಾನನ್ ಹೆಡ್ ಇಂಕನ್ನು ಕಾಯಿಸಿ ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತದೆ, ಎಪ್ಸನ್ ಹೆಡ್ ಒತ್ತಿ ಚಿಮ್ಮಿಸುತ್ತದೆ. ಒಂದಕ್ಕೆ ಮಾಡಿದ ಇಂಕ್ ಇನ್ನೊಂದಕ್ಕೆ ಹದವಲ್ಲ. ಎರಡು ಇಂಕ್ ಬೆರೆತರೆ ಕಣಗಳು ಗಂಟುಕಟ್ಟಿ ನಾಜಲ್, ಅಂದರೆ ಹೆಡ್ಡಿನಲ್ಲಿ ಇಂಕ್ ಚಿಮ್ಮುವ ಸಣ್ಣ ತೂತು, ಕಟ್ಟಿಕೊಳ್ಳಬಹುದು.

ಸಿರಿಂಜಿಗೆ ಸಣ್ಣ ನಳಿಗೆ ಸಿಕ್ಕಿಸಿ ಟ್ಯಾಂಕಿನಿಂದ ಎಳೆದು ತೆಗೆಯಿರಿ. ಸ್ವಲ್ಪ 003 ಹಾಕಿ ತೊಳೆದು ಮತ್ತೆ ಎಳೆಯಿರಿ, ಆಮೇಲೆ ತುಂಬಿಸಿ. ಈಗಾಗಲೇ ಪ್ರಿಂಟ್ ತೆಗೆದಿದ್ದರೆ ಕೊಳವೆಯನ್ನೂ ತೊಳೆಸಬೇಕು, ಸರ್ವಿಸಿನವರಿಗೇ ಬಿಡಿ. ನಾಜಲ್ ಚೆಕ್‌ನಲ್ಲಿ ಗೆರೆ ತುಂಡಾಗಿದ್ದರೆ ಮೂರು ಸಲ ಕ್ಲೀನಿಂಗ್ ಮಾಡಿ ನಿಲ್ಲಿಸಿ, ಕನಿಷ್ಠ 12 ತಾಸು ಸುಮ್ಮನೆ ಬಿಟ್ಟು ಮತ್ತೆ ನೋಡಿ. ಪದೇಪದೇ ಒತ್ತಿದರೆ ಇಂಕೆಲ್ಲ ವೇಸ್ಟ್ ಪ್ಯಾಡಿಗೆ ಹೋಗಿ, ಪ್ಯಾಡ್ ತುಂಬಿತೆಂದು ಯಂತ್ರವೇ ನಿಲ್ಲುತ್ತದೆ. ನಿಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ನಾಜಲ್ ಬೇಗ ಒಣಗುತ್ತದೆ. ಕೆಲಸವಿಲ್ಲದಿದ್ದರೂ ವಾರಕ್ಕೊಂದು ಬಣ್ಣದ ಪುಟ ತೆಗೆಯಿರಿ. ಇನ್ನೊಂದು ಮಾತು: ಡೈ ಇಂಕಿನ ಉತಾರದ ಮೇಲೆ ನೀರು ಬಿದ್ದರೆ ಅಕ್ಷರ ಹರಡುತ್ತದೆ. ಕಾದಿಡುವ ಕಾಗದಕ್ಕೆ ಲೇಸರ್ ಪ್ರಿಂಟ್ ಒಳ್ಳೆಯದು.

ಪ್ರಶ್ನೆ: ಸಬ್ಲಿಮೇಶನ್ ಇಂಕಿನಿಂದ ಇಳಕಲ್ ಸೀರೆಯ ಮೇಲೆ ಹೆಸರು, ಚಿತ್ರ ಅಚ್ಚು ಹಾಕಬಹುದೇ?
– ಓದುಗರು, ಇಳಕಲ್

ಉತ್ತರ: ಹತ್ತಿಯ ಒಡಲಿಗೂ ರೇಷ್ಮೆ ಸೆರಗಿಗೂ ಹಿಡಿಯುವುದಿಲ್ಲ. ಆ ಇಂಕ್ 190–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆವಿಯಾಗಿ ಪಾಲಿಯೆಸ್ಟರಿನೊಳಗೆ ಮಾತ್ರ ಸೇರುತ್ತದೆ. ಹತ್ತಿಯಾದರೆ ಒಗೆತಕ್ಕೆ ಬಿಟ್ಟು ಹೋಗುತ್ತದೆ, ರೇಷ್ಮೆ ಆ ಕಾವಿಗೇ ಕೆಡಬಹುದು. ಬಿಳಿ ಪಾಲಿಯೆಸ್ಟರ್ ಟಿ-ಶರ್ಟಿಗೆ 45–60 ಸೆಕೆಂಡ್ ಒತ್ತಿದರೆ ಚೆನ್ನಾಗಿ ಬರುತ್ತದೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಪ್ರಿಂಟ್ ಕೊಡಬೇಕು. ಆ ಇಂಕಿಗೆ ಒಂದು ಪ್ರಿಂಟರ್ ಬೇರೆಯೇ ಇಡಿ.

ಪ್ರಶ್ನೆ: ಇಂಕ್‌ಜೆಟ್ ಗ್ಲಾಸಿ ಫೋಟೊ ಪೇಪರನ್ನು ಲೇಸರ್ ಪ್ರಿಂಟರಿಗೆ ಹಾಕಬಹುದೇ?
– ಓದುಗರು, ಜಮಖಂಡಿ

ಉತ್ತರ: ಇಲ್ಲ. ಆ ಕಾಗದದ ಪ್ಲಾಸ್ಟಿಕ್ ಲೇಪ ಫ್ಯೂಸರಿನ ಕಾವಿಗೆ ಕರಗಿ ರೋಲರಿಗೆ ಸುತ್ತಿಕೊಳ್ಳುತ್ತದೆ. ಫ್ಯೂಸರಿನ ತೆಳು ಫಿಲ್ಮ್ ಹರಿದರೆ ಖರ್ಚು ಹಳೇ ಪ್ರಿಂಟರಿನ ಬೆಲೆಯ ಹತ್ತಿರಕ್ಕೇ ಹೋಗಬಹುದು. ಅಂಟು ಲೇಬಲ್, ಪಾರದರ್ಶಕ ಹಾಳೆ ಕೊಳ್ಳುವಾಗಲೂ ಪೊಟ್ಟಣದ ಮೇಲೆ ‘ಲೇಸರ್’ ಎಂದು ಇದೆಯೇ ನೋಡಿ.